ಸಿಂಗಪುರದ ಚೈನಾಟೌನ್‌ನಲ್ಲಿ ನೀರಿನ ಜಾಡು ಹಿಡಿದು

ಸಿಂಗಪುರಕ್ಕೆ ಬಂದು ಹನ್ನೆರಡು ವರ್ಷವಾಯಿತು. ಊರಿಂದ ಯಾರೇ ಬರಲಿ, ಚೈನಾಟೌನ್ ಸುತ್ತಿಸುವ ಕೆಲಸ ನನ್ನ ಪಾಲಿಗೇ. ಇಲ್ಲಿ ದುಡ್ಡು ತೆಗೆದುಕೊಂಡು ಗೈಡ್ ಕೆಲಸ ಮಾಡಬೇಕಾದರೆ ಪ್ರವಾಸ ಮಂಡಳಿಯ ಲೈಸೆನ್ಸ್ ಬೇಕು. ನಾನು ಕರೆದುಕೊಂಡು ಹೋಗುವುದು ಮನೆಗೆ ಬಂದ ನೆಂಟರನ್ನು, ಸ್ನೇಹಿತರ ಅಪ್ಪ ಅಮ್ಮಂದಿರನ್ನು. ಆದರೂ ಇದನ್ನು ಚೆನ್ನಾಗಿ ಮಾಡಬೇಕು ಅನ್ನುವ ಹಟ ನನಗೆ ಹತ್ತಿಕೊಂಡಿತು. ಅದು ಹೇಗೆ ಅಂತ ಹೇಳುತ್ತೇನೆ.

ಮೊದಮೊದಲು ನಾನು ಬೋರ್ಡುಗಳಲ್ಲಿ ಬರೆದದ್ದನ್ನೆಲ್ಲ ಓದಿ ಹೇಳುತ್ತಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಶುರು. ನೆತ್ತಿಯ ಮೇಲೆ ಬಿಸಿಲು, ಪಗೋಡಾ ಸ್ಟ್ರೀಟ್ ತುಂಬ ಜನ. ಇಸವಿ ಮೇಲೆ ಇಸವಿ. ಒಮ್ಮೆ ನಮ್ಮ ಅತ್ತೆ ಒಂದು ಅಂಗಡಿ ಮುಂದೆ ಕೂತುಬಿಟ್ಟರು. "ಅಂಗಡಿ ಬೀದಿ ಚೆನ್ನಾಗಿದೆ ಕಣಮ್ಮ, ಕಾಲು ಮಾತ್ರ ನೋಯ್ತಿದೆ" ಅಂದರು. ಬೇಸರದಿಂದ ಹೇಳಿದ್ದಲ್ಲ. ಆದರೆ ನನಗೆ ತುಂಬ ಸಂಕಟವಾಯಿತು. ಇಷ್ಟು ದೊಡ್ಡ ಬದುಕು ನಡೆದ ಜಾಗ ಅವರಿಗೆ ಬರೀ ಅಂಗಡಿ ಬೀದಿಯಾಗಿ ಕಂಡಿತ್ತು.

ಆಮೇಲೆ ಕೆಲವು ಭಾನುವಾರ ನಾನೊಬ್ಬಳೇ ಹೋಗಿ ನಡೆದೆ. ಎಲ್ಲವನ್ನೂ ಪೋಣಿಸಲು ಒಂದು ದಾರ ಬೇಕಿತ್ತು. ಅದು ಸಿಕ್ಕಿದ್ದು ಮೆಟ್ರೋ ಸ್ಟೇಷನ್ ಬೋರ್ಡಿನಲ್ಲೇ. ಇಂಗ್ಲಿಷಿನಲ್ಲಿ ಚೈನಾಟೌನ್ ಅಂತಿದೆ. ಪಕ್ಕದ ಚೀನೀ ಅಕ್ಷರಗಳಲ್ಲಿ ಇರುವುದು 'ನ್ಯೂ ಚೆ ಶ್ವೇ'. ಎತ್ತು, ಗಾಡಿ, ನೀರು. ಮಲಯ್ ಹೆಸರು 'ಕ್ರೆತಾ ಆಯೆರ್'. ಅದೂ ನೀರಿನ ಗಾಡಿಯೇ. ಆನ್ ಸಿಯಾಂಗ್ ಗುಡ್ಡದ ಬಾವಿಗಳಿಂದ, ಸ್ಪ್ರಿಂಗ್ ಸ್ಟ್ರೀಟ್ ಕಡೆಯಿಂದ ಎತ್ತಿನ ಗಾಡಿಯಲ್ಲಿ ನೀರು ತಂದು ಈ ಕೇರಿಗೆ ಹಂಚುತ್ತಿದ್ದರು. ಹಾಗಾಗಿ ಈ ಹೆಸರು. ಇಲ್ಲಿಂದ ಸ್ವಲ್ಪ ದೂರದ ಇನ್ನೊಂದು ಹಳೆಯ ಬೀದಿ ತೆಲೋಕ್ ಆಯೆರ್. ತೆಲೋಕ್ ಅಂದರೆ ಕೊಲ್ಲಿ. ಅಲ್ಲೂ 'ಆಯೆರ್', ಅಂದರೆ ನೀರು! ಒಂದು ಕಡೆ ಕುಡಿಯುವ ನೀರು, ಇನ್ನೊಂದು ಕಡೆ ಉಪ್ಪು ನೀರು. ಸರಿ, ಒಂದರಿಂದ ಇನ್ನೊಂದಕ್ಕೆ ನಡೆಸಬೇಕು ಅಂತ ತೀರ್ಮಾನಿಸಿದೆ.

ಈಗ ಬೆಳಿಗ್ಗೆ ಏಳೂವರೆಗೇ ಶುರು ಮಾಡುತ್ತೇನೆ. ಅಂಗಡಿಗಳು ಇನ್ನೂ ತೆರೆದಿರುವುದಿಲ್ಲ. ಅದೇ ಒಳ್ಳೆಯದು, ಕಣ್ಣು ಮೇಲಕ್ಕೆ ಹೋಗುತ್ತದೆ. ಸಾಲು ಮನೆಗಳ ಕಿಟಕಿ, ಬಣ್ಣ, ಹೆಂಚು ಎಲ್ಲ ಕಾಣುತ್ತದೆ. ಒಂದು ಸಲಕ್ಕೆ ಐದು ಜನಕ್ಕಿಂತ ಜಾಸ್ತಿ ಬೇಡ. ಯಾಕೆಂದರೆ ನಡೆಯುವುದು ಕೆಳಗೆ ಅಂಗಡಿ, ಮೇಲೆ ಮನೆ ಇರುವ ಅಂಗಡಿಮನೆಗಳ ಮುಂದಿನ ಜಗಲಿಯಲ್ಲಿ. ಇದಕ್ಕೆ 'ಐದಡಿ ದಾರಿ' ಅನ್ನುತ್ತಾರೆ. ಸಿಂಗಪುರದಲ್ಲಿ ಬ್ರಿಟಿಷರ ನೆಲೆ ಹೂಡಿದ ರಾಫಲ್ಸ್, 1822ರಲ್ಲಿ ಊರಿನ ನಕ್ಷೆ ಮಾಡಿಸುವಾಗಲೇ ಪ್ರತಿ ಮನೆಯ ಮುಂದೆ ಸೂರಿರುವ ದಾರಿ ಬಿಡಬೇಕು ಅಂತ ಆಜ್ಞೆ ಮಾಡಿದ್ದ. ಇವತ್ತಿಗೂ ಮಳೆ ಬಿಸಿಲಿಗೆ ಇದೇ ನಮ್ಮ ಕೊಡೆ. ಈ ಮನೆಗಳು ಉಳಿದಿರುವುದೂ ಒಂದು ಭಾಗ್ಯ. 1989ರಲ್ಲಿ ಇಡೀ ಪ್ರದೇಶವನ್ನು ಸಂರಕ್ಷಿತ ಅಂತ ಘೋಷಿಸಿದರು.

ಅಂಗಡಿಮನೆಯೊಳಗೆ ನಡುವೆ ಗಾಳಿ ಬೆಳಕಿಗೆ ಬಿಟ್ಟ ಬಯಲು ಇರುತ್ತದೆ. 'ನಮ್ಮ ತೊಟ್ಟಿ ಮನೆ ಇದ್ದ ಹಾಗೆ' ಅಂದರೆ ಸಾಕು, ಹಳೇ ಮೈಸೂರು ಕಡೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಮಳೆ ನೀರು ಮನೆಯೊಳಗೆ ಬಿದ್ದರೆ ಸಿರಿ ಒಳಗೆ ಬಂದ ಹಾಗೆ ಅನ್ನುವ ನಂಬಿಕೆ ಚೀನೀಯರಲ್ಲಿದೆ. ಇಲ್ಲೂ ನೀರು ನೋಡಿ.

ಮೊದಲ ನಿಲುಗಡೆ ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿ. ಚೀನೀ ಕೇರಿಯಲ್ಲಿ ಮಾರಿಯಮ್ಮ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಈ ಕಥೆಗೆ ನಾನು ಹತ್ತು ನಿಮಿಷವಾದರೂ ಕೊಡುತ್ತೇನೆ. 1819ರಲ್ಲಿ ರಾಫಲ್ಸ್ ಜೊತೆ ಪೆನಾಂಗ್‌ನಿಂದ ನಾರಾಯಣ ಪಿಳ್ಳೈ ಅನ್ನುವವರು ಬಂದರು. ಇಟ್ಟಿಗೆ ಗೂಡು ಹಾಕಿ ಮನೆ ಕಟ್ಟಿಸುವ ಕೆಲಸ ಹಿಡಿದರು. ಗುಡಿಗೆ ಅಂತ ಮೊದಲು ಸಿಕ್ಕ ಜಾಗ ತೆಲೋಕ್ ಆಯೆರ್ ದಡದಲ್ಲಿ. ಆದರೆ ಅಲ್ಲಿ ಪೂಜೆಗೆ ಬೇಕಾದ ಸಿಹಿನೀರು ಇರಲಿಲ್ಲ. ಆಮೇಲೆ ಬೇರೆ ಜಾಗ ಕೊಟ್ಟರು, ಅದು ಹೊಸ ನಕ್ಷೆಗೆ ಹೊಂದಲಿಲ್ಲ. ಕೊನೆಗೆ 1823ರಲ್ಲಿ ಸಿಕ್ಕಿದ್ದು ಇದು. 1827ರಲ್ಲಿ ಮರ, ಎಲೆ ಚಾವಣಿಯ ಸಣ್ಣ ಗುಡಿ ಎದ್ದಿತು. ಹೊಸದಾಗಿ ಬಂದಿಳಿದವರು ಕೆಲಸ ಸಿಗುವ ತನಕ ಇಲ್ಲೇ ತಂಗುತ್ತಿದ್ದರು. ಇದರ ಗೋಪುರದಿಂದಲೇ ಪಕ್ಕದ ಬೀದಿಗೆ ಪಗೋಡಾ ಸ್ಟ್ರೀಟ್ ಅನ್ನುವ ಹೆಸರು ಬಂತು. ಅಂದರೆ ಚೈನಾಟೌನ್‌ನ ಅತಿ ಹೆಸರುವಾಸಿ ಬೀದಿಗೆ ಹೆಸರು ಕೊಟ್ಟದ್ದು ನಮ್ಮ ಕಡೆಯ ದೇವಿ.

ನಂಜನಗೂಡಿನಿಂದ ಬಂದಿದ್ದ ನಮ್ಮ ದೊಡ್ಡಮ್ಮ ಇಲ್ಲಿ ಕೈ ಮುಗಿದು, "ನಮ್ಮ ಮಾರಮ್ಮನೇ ಅಲ್ವೇನೇ ಇವಳು?" ಅಂದರು. ದೀಪಾವಳಿಗೆ ಮುಂಚೆ ಇಲ್ಲಿ ಕೊಂಡ ಹಾಯುತ್ತಾರೆ ಅಂದೆ. ಸೆರಂಗೂನ್ ರಸ್ತೆಯ ಪೆರುಮಾಳ್ ದೇವಸ್ಥಾನದಿಂದ ಸುಮಾರು ನಾಲ್ಕು ಕಿಲೋಮೀಟರ್ ನಡೆದು ಬಂದು ಕೆಂಡ ತುಳಿಯುತ್ತಾರೆ. ಅದು ದ್ರೌಪದಿಯ ಹೆಸರಲ್ಲಿ ನಡೆಯುವ ಹಬ್ಬ. ಬೆಂಗಳೂರು ಕರಗವೂ ದ್ರೌಪದಿಯದೇ ಅಲ್ವಾ? ಅಲ್ಲಿಂದ ಮುಂದೆ ದೊಡ್ಡಮ್ಮ ಒಂದೇ ಒಂದು ಸಲವೂ ಕಾಲು ನೋವು ಅನ್ನಲಿಲ್ಲ.

ಒಂದು ಮಾತು ನೆನಪಿಡಿ. ಮಧ್ಯಾಹ್ನ ಗುಡಿ ಮುಚ್ಚುತ್ತದೆ, ನಮ್ಮಲ್ಲಿ ಇರುವ ಹಾಗೆಯೇ. ಬೆಳಿಗ್ಗೆ ಹೋಗಲು ಅದೂ ಒಂದು ಕಾರಣ.

ಅದೇ ರಸ್ತೆಯಲ್ಲಿ ಚುಲಿಯಾ ಮುಸ್ಲಿಮರ ಜಾಮೆ ಮಸೀದಿ ಇದೆ. ಅವರೂ ತಮಿಳು ಕರಾವಳಿಯಿಂದ ಬಂದವರು. ಸಾಮಾನ್ಯವಾಗಿ ಅಲ್ಲಿ ಹೊರಗಿನಿಂದಲೇ ನೋಡಿ ಮುಂದೆ ಹೋಗುತ್ತೇವೆ. ಬುದ್ಧನ ಹಲ್ಲಿನ ದೇವಾಲಯ ಭವ್ಯವಾಗಿದೆ, ಎಲ್ಲರೂ ಫೋಟೋ ತೆಗೆಯುತ್ತಾರೆ. ಆದರೆ ಅದು 2007ರದ್ದು. ನನಗೆ ಅದರ ಪಕ್ಕದ ಸಾಗೋ ಲೇನ್ ಮುಖ್ಯ.

ಅಲ್ಲಿ ನಾನು ದನಿ ತಗ್ಗಿಸುತ್ತೇನೆ. ಈ ಗಲ್ಲಿಯಲ್ಲಿ ಒಂದು ಕಾಲಕ್ಕೆ ಸಾಯುವವರ ಮನೆಗಳಿದ್ದವು. ಆಗ ಕೇರಿಯ ಒಂದೊಂದು ಅಂಗಡಿಮನೆಯ ಮಾಳಿಗೆಯನ್ನು ಹಲಗೆ ಹೊಡೆದು ಗೂಡು ಗೂಡಾಗಿ ಮಾಡಿ, ಅದರಲ್ಲಿ ಜನ ವಾಸವಿರುತ್ತಿದ್ದರು. ಅಷ್ಟು ಇಕ್ಕಟ್ಟಿನಲ್ಲಿ ಒಬ್ಬರು ಪ್ರಾಣ ಬಿಟ್ಟರೆ ಉಳಿದವರಿಗೆ ಅಪಶಕುನ ಅನ್ನುವ ಭಯ. ನೋಡಿಕೊಳ್ಳಲು ತಮ್ಮವರೂ ಇಲ್ಲ. ಹಾಗಾಗಿ ಕೊನೆಗಾಲದಲ್ಲಿ ಇಲ್ಲಿಗೆ ಬಂದು ಮಲಗುತ್ತಿದ್ದರು. 1961ರಲ್ಲಿ ಸರ್ಕಾರ ಇವನ್ನು ನಿಷೇಧಿಸಿತು. ವಯಸ್ಸಾದವರ ಮುಂದೆ ಇದನ್ನು ಹೇಳಬೇಕೋ ಬೇಡವೋ ಅಂತ ಮೊದಲು ಯೋಚನೆಯಾಗುತ್ತಿತ್ತು. ಈಗ ಹೇಳುತ್ತೇನೆ. ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುವವರು ಅವರೇ.

ಸಂಸುಯಿ ಹೆಂಗಸರ ಮಾತನ್ನೂ ಇಲ್ಲೇ ಎತ್ತುತ್ತೇನೆ. ತಲೆಗೆ ಕೆಂಪು ಬಟ್ಟೆ ಕಟ್ಟಿಕೊಂಡು, ಕಟ್ಟಡಗಳಿಗೆ ಇಟ್ಟಿಗೆ ಮಣ್ಣು ಹೊತ್ತವರು. ಗುವಾಂಗ್‌ಡಾಂಗ್ ಪ್ರಾಂತ್ಯದ ಸಾನ್‌ಶ್ವೇ ಎಂಬಲ್ಲಿಂದ ಬಂದವರು ಇವರಲ್ಲಿ ತುಂಬ ಜನ. ಸಾನ್‌ಶ್ವೇ ಅಂದರೆ ಮೂರು ನೀರು. ಮೂರು ನದಿ ಸೇರುವ ಜಾಗ. ಸಂಗಮ ಅನ್ನುತ್ತೇವಲ್ಲ, ಹಾಗೆ. ದುಡಿದದ್ದರಲ್ಲಿ ಉಳಿಸಿ ಊರಿಗೆ ದುಡ್ಡು ಕಳಿಸುತ್ತಿದ್ದರು. ಹೊರದೇಶದಲ್ಲಿ ದುಡಿಯುವ ಮಕ್ಕಳಿರುವ ಅಪ್ಪ ಅಮ್ಮಂದಿರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಇನ್ನು ತಿಂಡಿ. ನಮ್ಮವರಲ್ಲಿ ಬಹಳ ಜನ ಸಸ್ಯಾಹಾರಿಗಳು, ಹೊಟ್ಟೆ ಹಸಿದರೆ ಇತಿಹಾಸ ತಲೆಗೆ ಹೋಗುವುದಿಲ್ಲ. ಚೀನೀ ಅಂಗಡಿಗಳಲ್ಲಿ 'ಸು' ಅಂತ ಓದುವ ಅಕ್ಷರ ಇದ್ದರೆ ಅದು ಸಸ್ಯಾಹಾರ. ಬೌದ್ಧರ ಪಥ್ಯದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮೊಟ್ಟೆ ಇದೆಯಾ ಅಂತ ಮಾತ್ರ ಕೇಳಿಕೊಳ್ಳಿ. ಹಿರಿಯರಿಗೆ ನಾನು ಕೊಡಿಸುವುದು ಬಿಸಿ ತೌ ಹುಯ್. ಸೋಯಾ ಹಾಲನ್ನು ಗಿಣ್ಣಿನ ಹಾಗೆ ಗಟ್ಟಿ ಮಾಡಿ ಸಕ್ಕರೆ ಪಾಕ ಹಾಕಿ ಕೊಡುತ್ತಾರೆ. ಹಲ್ಲಿಲ್ಲದವರೂ ತಿನ್ನಬಹುದು. ಇಲ್ಲಿ ಅರ್ಧ ಗಂಟೆ ಕೂರಲೇಬೇಕು.

ಆಮೇಲೆ ಆನ್ ಸಿಯಾಂಗ್ ಗುಡ್ಡ ಹತ್ತಿ, ಆ ಕಡೆ ಮೆಟ್ಟಿಲಿಳಿದು ಅಮೋಯ್ ಸ್ಟ್ರೀಟ್. ಮಂಡಿ ನೋವಿದ್ದವರನ್ನು ರಸ್ತೆಯ ಮೇಲೇ ಸುತ್ತಿಸಿಕೊಂಡು ಬರುತ್ತೇನೆ. ಒಟ್ಟು ನಡಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್. ಅದಕ್ಕೆ ನಾನು ಮೂರು ಗಂಟೆ ತೆಗೆದುಕೊಳ್ಳುತ್ತೇನೆ.

ಕೊನೆಗೆ ತೆಲೋಕ್ ಆಯೆರ್ ಬೀದಿ. ಇದು ಸಮುದ್ರದ ದಡವಾಗಿತ್ತು. ಹಡಗು ಇಳಿದವರು ಬದುಕಿ ಬಂದೆವಲ್ಲ ಅಂತ ಕೈಮುಗಿದದ್ದು ಇಲ್ಲೇ. ತಮಿಳುನಾಡಿನ ನಾಗೂರಿನ ಸಂತರ ನೆನಪಿಗೆ 1830ರ ಹೊತ್ತಿಗೆ ಕಟ್ಟಿದ ದರ್ಗಾ ಇದೆ. ಅದೇ ಸಾಲಿನಲ್ಲಿ ಚೀನಾದ ಫುಜಿಯನ್ ಕಡೆಯ ಹೊಕ್ಕಿಯನ್ ಜನ 1839ರಿಂದ 1842ರವರೆಗೆ ಕಟ್ಟಿದ ಥಿಯನ್ ಹಾಕ್ ಕೆಂಗ್ ಗುಡಿ ಇದೆ. ಒಳಗಿರುವುದು ಕಡಲ ತಾಯಿ ಮಾಝು. 1880ರ ದಶಕದಲ್ಲಿ ಗುಡ್ಡದ ಮಣ್ಣು ಹಾಕಿ ಕೊಲ್ಲಿಯನ್ನು ತುಂಬಿದರು. ಸಮುದ್ರ ದೂರ ಸರಿಯಿತು.

ಗುಡಿಯ ಹೊಸ್ತಿಲು ಎತ್ತರ. ಉಬ್ಬರದ ನೀರು ಒಳಗೆ ಬರದಿರಲಿ ಅಂತ. ಅದನ್ನು ತುಳಿಯಬಾರದು, ದಾಟಬೇಕು. ಇದನ್ನು ನಾನು ಹೇಳುವ ಮುಂಚೆಯೇ ದೊಡ್ಡಮ್ಮ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಸೀರೆ ಎತ್ತಿ ಹಿಡಿದು ದಾಟಿದರು. ಒಳಗೆ ಕೈ ಮುಗಿದು ಬಂದ ಮೇಲೆ, "ಸಮುದ್ರ ಎಲ್ಲಿತ್ತೇ?" ಅಂತ ಕೇಳಿದರು. ಎದುರಿನ ರಸ್ತೆ ತೋರಿಸಿದೆ. ಟ್ಯಾಕ್ಸಿಗಳು ಓಡುತ್ತಿದ್ದವು, ಅದರಾಚೆ ಬ್ಯಾಂಕುಗಳ ಎತ್ತರದ ಕಟ್ಟಡ. ದೊಡ್ಡಮ್ಮ ಗುಡಿಗೆ ಬೆನ್ನು ಮಾಡಿ ರಸ್ತೆಯನ್ನೇ ನೋಡುತ್ತಾ ತುಂಬ ಹೊತ್ತು ನಿಂತರು. ಈಗ ಬಂದವರೆಲ್ಲರನ್ನೂ ನಾನು ಅದೇ ಜಾಗದಲ್ಲಿ, ಅದೇ ಕಡೆಗೆ ಮುಖ ಮಾಡಿಸಿ ನಿಲ್ಲಿಸುತ್ತೇನೆ.