ಎಲ್ಲರೂ ಕೂರುವ ಕಂಪ್ಯೂಟರ್: ನಾನು ನೋಡಿಕೊಂಡು ಬಂದ ರೀತಿ

ನಮ್ಮ ಕಚೇರಿಯಲ್ಲಿ ಯಾರಿಗೂ ಸೇರದ, ಎಲ್ಲರೂ ಬಳಸುವ ಒಂದು ಕಂಪ್ಯೂಟರ್ ಇದೆ. ಪ್ರಿಂಟ್ ತೆಗೆಯುವವರು, ಅರ್ಜಿ ತುಂಬುವವರು, ಸುಮ್ನೆ ಮೇಲ್ ನೋಡಲು ಬಂದವರು, ಎಲ್ಲರೂ ಅದರ ಮುಂದೆಯೇ ಕೂರುವುದು. ಅದರ ಉಸ್ತುವಾರಿಯನ್ನು ನನಗೆ ಯಾರೂ ವಹಿಸಿದ್ದಲ್ಲ. ಕೆಟ್ಟಾಗ ಒಂದು ಸಲ ಸರಿ ಮಾಡಿಕೊಟ್ಟವರ ತಲೆಗೇ ಇಂಥದ್ದನ್ನು ಕಟ್ಟುತ್ತಾರೆ ಅಲ್ವಾ?

ಇಂಥ ಕಂಪ್ಯೂಟರ್‌ನಲ್ಲಿ ಇರುವುದು ಎರಡು ಬೇರೆ ಬೇರೆ ಭಯ. ನಾನು ಎದ್ದುಹೋದ ಮೇಲೆ ಕೂರುವವರು ಏನು ನೋಡುತ್ತಾರೆ ಅನ್ನುವುದು ಒಂದು. ನನಗಿಂತ ಮುಂಚೆ ಕೂತವರು ಅದರೊಳಗೆ ಏನು ಬಿಟ್ಟುಹೋಗಿದ್ದಾರೆ ಅನ್ನುವುದು ಇನ್ನೊಂದು. ಹೆಚ್ಚಿನವರು ಮೊದಲನೆಯದಕ್ಕೆ ಮದ್ದು ಮಾಡಿ, ಎರಡನೆಯದೂ ವಾಸಿಯಾಯಿತು ಅಂದುಕೊಳ್ಳುತ್ತಾರೆ.

‘ಇನ್‌ಕಾಗ್ನಿಟೊದಲ್ಲೇ ತೆಗೆದಿದ್ದೆ, ಏನೂ ಆಗಲ್ಲ ಬಿಡಿ’ ಎಂಬ ಮಾತನ್ನು ನಾನು ಆಗಾಗ ಕೇಳುತ್ತೇನೆ. ಇನ್‌ಕಾಗ್ನಿಟೊ ಅಂದರೆ ನೋಡಿದ್ದರ ಗುರುತನ್ನು ಬ್ರೌಸರ್ ಉಳಿಸಿಕೊಳ್ಳದ ಖಾಸಗಿ ಕಿಟಕಿ. ಆ ಮಾತು ಅರ್ಧ ನಿಜ. ಕಿಟಕಿ ಮುಚ್ಚಿದಾಗ ಹಿಸ್ಟರಿ, ಕುಕಿ (ನೀವು ಲಾಗಿನ್ ಆಗಿರುವುದನ್ನು ನೆನಪಿಡಲು ಸೈಟ್ ಬ್ರೌಸರ್‌ನಲ್ಲಿ ಇಡುವ ಪುಟ್ಟ ಗುರುತು) ಎಲ್ಲ ಅಳಿಸಿಹೋಗುತ್ತವೆ, ಸರಿ. ಆದರೆ ಇಳಿಸಿಕೊಂಡ ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಗೇ ಕೂತಿರುತ್ತದೆ. ನಮ್ಮಲ್ಲಿ ಆ ಫೋಲ್ಡರ್ ತೆರೆದರೆ ಯಾರದೋ ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ನಾರದೋ ವೈದ್ಯಕೀಯ ವರದಿ, ಮತ್ತೊಬ್ಬರ ಗುರುತಿನ ಚೀಟಿ, ಎಲ್ಲ ಸಾಲಾಗಿ ಸಿಗುತ್ತಿದ್ದವು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕ್ರೋಮ್‌ನಲ್ಲಿ ತೆರೆದಿರುವ ಇನ್‌ಕಾಗ್ನಿಟೊ ಕಿಟಕಿಗಳೆಲ್ಲ ಒಂದೇ ಲಾಗಿನ್ ಹಂಚಿಕೊಳ್ಳುತ್ತವೆ. ಎರಡು ಕಿಟಕಿ ತೆರೆದು, ಒಂದನ್ನು ಕೆಳಗಿಳಿಸಿ ಮರೆತು, ಇನ್ನೊಂದನ್ನಷ್ಟೇ ಮುಚ್ಚಿ ಎದ್ದುಹೋದಿರಿ ಅನ್ನಿ. ಮುಂದೆ ಕೂತವರು ಹೊಸ ಇನ್‌ಕಾಗ್ನಿಟೊ ತೆರೆದರೆ ನಿಮ್ಮ ಮೇಲ್ ಪೆಟ್ಟಿಗೆ ತೆರೆದೇ ಇರುತ್ತದೆ.

ಹಾಗಾಗಿ ಮೊದಲು ಮಾಡಿದ್ದು ಖಾತೆಗಳನ್ನು ಬೇರೆ ಮಾಡುವ ಕೆಲಸ. ದಿನವೂ ಬಳಸುವವರಿಗೆ ವಿಂಡೋಸ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಮಾನ್ಯ ಖಾತೆ, ಒಂದೊಂದು ಪಾಸ್‌ವರ್ಡ್. ಕಂಪ್ಯೂಟರ್‌ನಲ್ಲಿ ಏನನ್ನು ಬೇಕಾದರೂ ಬದಲಿಸಬಲ್ಲ ಅಡ್ಮಿನ್ ಖಾತೆಯನ್ನು ಪ್ರತ್ಯೇಕ ಇಟ್ಟೆ. ನಾನೂ ಅದರಲ್ಲಿ ಕೂತು ಬ್ರೌಸ್ ಮಾಡುವುದಿಲ್ಲ, ಏನಾದರೂ ಇನ್‌ಸ್ಟಾಲ್ ಮಾಡುವಾಗ ಮಾತ್ರ ಅದರ ಪಾಸ್‌ವರ್ಡ್ ಹೊಡೆಯುತ್ತೇನೆ. ಸ್ವಲ್ಪ ಗೊಣಗಾಟ ಕೇಳಿಬಂತು. ಆದರೆ ಒಬ್ಬರ ಫೈಲು, ಹಿಸ್ಟರಿ ಇನ್ನೊಬ್ಬರಿಗೆ ಕಾಣುವುದು ಅಲ್ಲಿಗೇ ನಿಂತಿತು. ಅಪರೂಪಕ್ಕೆ ಬರುವವರಿಗೆ ಎಲ್ಲರಿಗೂ ಸೇರಿ ಒಂದೇ ಸಾಮಾನ್ಯ ಖಾತೆ ಇದೆ. ಅದರಲ್ಲಿ ಕ್ರೋಮ್‌ನ ಗೆಸ್ಟ್ ಕಿಟಕಿಯನ್ನೇ, ಅಂದರೆ ಅತಿಥಿಗಳಿಗೆಂದೇ ಇರುವ ಬೇರೆ ಕಿಟಕಿಯನ್ನೇ, ಬಳಸಲು ಹೇಳುತ್ತೇನೆ. ಬೇರೆಯವರು ಹಾಕಿದ ಎಕ್ಸ್‌ಟೆನ್ಷನ್‌ಗಳು (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂಗಳು) ಗೆಸ್ಟ್ ಕಿಟಕಿಯಲ್ಲಿ ಓಡುವುದಿಲ್ಲ, ಅದೇ ದೊಡ್ಡ ಲಾಭ. ಎದ್ದುಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಪರದೆ ಲಾಕ್ ಮಾಡುವುದನ್ನು ಹೇಳಿಕೊಟ್ಟೆ. ಮರೆಯುವವರಿಗಾಗಿ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಲಾಕ್ ಆಗುವಂತೆ ಇಟ್ಟಿದ್ದೇನೆ.

ಬ್ರೌಸರ್‌ನಲ್ಲಿ ಬದಲಿಸಿದ್ದು ಕಡಿಮೆಯೇ. ಪಾಸ್‌ವರ್ಡ್ ಉಳಿಸಲೇ ಎಂದು ಕೇಳುವುದನ್ನು ನಿಲ್ಲಿಸಿದೆ. ಕ್ರೋಮ್‌ನಲ್ಲಿ ಜಿಮೇಲ್‌ಗೆ ಲಾಗಿನ್ ಆದರೆ ಬ್ರೌಸರ್‌ಗೂ ಲಾಗಿನ್ ಆಗಿಬಿಡುವುದುಂಟು. ಸಿಂಕ್‌ಗೆ ಒಪ್ಪಿದರಂತೂ ಮನೆಯ ಕಂಪ್ಯೂಟರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೆಲ್ಲ ಇಲ್ಲಿಗೆ ಇಳಿದುಬರುತ್ತವೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಕ್ರೋಮ್ ಸೈನ್ ಇನ್ ಅನ್ನೇ ಬಂದ್ ಮಾಡಿದೆ. ಫೈರ್‌ಫಾಕ್ಸ್ ಮುಚ್ಚಿದಾಗಲೆಲ್ಲ ಕುಕಿಗಳು ತಾವೇ ಅಳಿಯುವಂತೆ ಇಟ್ಟೆ.

ಇನ್ನು ಎರಡನೆಯ ಭಯ. ವೈರಸ್ ವಿಷಯದಲ್ಲಿ ನನಗೆ ಅತಿ ಹೆಚ್ಚು ತಲೆನೋವು ತಂದದ್ದು ಪೆನ್‌ಡ್ರೈವ್. ವೈರಸ್ ಹೊಕ್ಕ ಡ್ರೈವ್ ತೆರೆದರೆ ಒಳಗೆ ಫೈಲ್‌ಗಳ ಬದಲು ಅದೇ ಡ್ರೈವ್‌ನ ಹೆಸರಿನ ಒಂದೇ ಒಂದು ಐಕಾನ್ ಕಾಣುತ್ತದೆ. ಅದನ್ನು ಒತ್ತಿದರೆ ಫೈಲ್‌ಗಳೆಲ್ಲ ತೆರೆದುಕೊಳ್ಳುತ್ತವೆ. ಕೆಲಸ ಆಯಿತಲ್ಲ ಅಂತ ಯಾರಿಗೂ ಅನುಮಾನ ಬರುವುದಿಲ್ಲ. ನಿಜಕ್ಕೂ ಅದು ಬೇರೊಂದನ್ನು ತೆರೆಯುವ ಶಾರ್ಟ್‌ಕಟ್. ವೈರಸ್ ಅಸಲಿ ಫೈಲ್‌ಗಳನ್ನು ಅಡಗಿಸಿದ ಫೋಲ್ಡರ್‌ಗೆ ತಳ್ಳಿ, ನೀವು ಒತ್ತಿದಾಗ ಮೊದಲು ತನ್ನ ಪ್ರೋಗ್ರಾಂ ಓಡಿಸಿ, ಆಮೇಲೆ ಫೈಲ್ ತೋರಿಸುತ್ತದೆ. ಐಕಾನ್ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಇರುತ್ತದೆ, ಅದನ್ನು ನೋಡಲು ಎಲ್ಲರಿಗೂ ಕಲಿಸಿದೆ. ಈಗ ಯಾರೇ ಡ್ರೈವ್ ಹಾಕಲಿ, ಅದರ ಮೇಲೆ ಬಲಕ್ಲಿಕ್ ಮಾಡಿ ಡಿಫೆಂಡರ್‌ನಲ್ಲಿ ಸ್ಕ್ಯಾನ್ ಮಾಡಿಯೇ ತೆರೆಯುವುದು. ವಿಂಡೋಸ್ ಜೊತೆಗೇ ಬರುವ ಆ ಡಿಫೆಂಡರ್ ಅಪ್‌ಡೇಟ್ ಆಗುತ್ತಿದ್ದರೆ ನಮ್ಮಂಥವರಿಗೆ ಸಾಕು. ಇನ್ನೊಂದು ಆಂಟಿವೈರಸ್ ಮೇಲೆ ಹೇರುವುದು ನನಗೆ ಇಷ್ಟವಿಲ್ಲ. ಆದರೆ ಅಡಿಪಾಯವೇ ಹಳತಾದರೆ ಪ್ರಯೋಜನ ಕಡಿಮೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ, ಅಂದರೆ ಎಲ್ಲರಿಗೂ ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಫೈಲ್ ಹೆಸರಿನ ಬಾಲ (ಕೊನೆಯ ಚುಕ್ಕಿಯ ನಂತರ ಬರುವ, ಫೈಲ್ ಯಾವ ಬಗೆಯದು ಎಂದು ಹೇಳುವ ಭಾಗ) ಕಾಣುವಂತೆ ಮಾಡಿದ್ದು ಚಿಕ್ಕ ಕೆಲಸ, ಉಪಯೋಗ ಜಾಸ್ತಿ. ವಿಂಡೋಸ್ ತನಗೆ ಗೊತ್ತಿರುವ ಬಾಲವನ್ನು ಮುಚ್ಚಿಡುತ್ತದೆ. ಹಾಗಾಗಿ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ಪ್ರೋಗ್ರಾಂ ಫೈಲ್ ‘ಬಿಲ್.ಪಿಡಿಎಫ್’ ಎಂದೇ ಕಾಣುತ್ತದೆ. ಜೊತೆಗೆ ಪಿಡಿಎಫ್‌ನ ಐಕಾನನ್ನೂ ಅಂಟಿಸಿರುತ್ತಾರೆ. ಫೋಲ್ಡರ್ ಕಿಟಕಿಯ ವ್ಯೂ ಮೆನುವಿನಲ್ಲಿ ಒಂದು ಗುರುತು ಹಾಕಿದರೆ ಬಣ್ಣ ಬಯಲು.

2024ರಿಂದೀಚೆಗೆ ಹೆಚ್ಚಾಗಿರುವ ಒಂದು ಮೋಸವಿದೆ. ಪುಟ ತೆರೆದಾಗ ‘ನಾನು ರೋಬೋಟ್ ಅಲ್ಲ’ ಎಂಬ ಪೆಟ್ಟಿಗೆ ಬರುತ್ತದೆ. ಒತ್ತಿದರೆ, ಖಚಿತಪಡಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಅನ್ನುತ್ತದೆ. ನೀವು ಪೆಟ್ಟಿಗೆ ಒತ್ತಿದ ಕ್ಷಣದಲ್ಲೇ ಅದು ಒಂದು ಕಮಾಂಡನ್ನು ಕ್ಲಿಪ್‌ಬೋರ್ಡ್‌ಗೆ, ಅಂದರೆ ಕಾಪಿ ಮಾಡಿದ್ದು ತಾತ್ಕಾಲಿಕವಾಗಿ ಇರುವ ಜಾಗಕ್ಕೆ, ಹಾಕಿರುತ್ತದೆ. ಮುಂದಿನದನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತದೆ. ಆರ್ ಒತ್ತಿದಾಗ ಕಮಾಂಡ್ ಓಡಿಸುವ ರನ್ ಪೆಟ್ಟಿಗೆ ತೆರೆಯುತ್ತದೆ, ವಿ ಒತ್ತಿದಾಗ ಆ ಕಮಾಂಡ್ ಅದರೊಳಗೆ ಅಂಟುತ್ತದೆ, ಎಂಟರ್ ಒತ್ತಿದಾಗ ಓಡುತ್ತದೆ. ಇದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ. ಆ ಖಾತೆಯ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡು, ಕುಕಿ ಕದ್ದರೆ ಅದರ ಕೆಲಸ ಮುಗಿಯಿತು. ಸಾಮಾನ್ಯ ಖಾತೆ ಕೊಟ್ಟುಬಿಟ್ಟರೆ ಎಲ್ಲ ಆಯಿತು ಅಂತ ನಾನು ಹೇಳದಿರುವುದು ಇದಕ್ಕೇ. ಆ ಖಾತೆಗಳಲ್ಲಿ ರನ್ ಪೆಟ್ಟಿಗೆಯನ್ನೇ ತೆರೆಯದಂತೆ ಮಾಡಿದ್ದೇನೆ. ಅದರಿಂದ ಇಲ್ಲಿಯವರೆಗೆ ಯಾರ ಕೆಲಸವೂ ನಿಂತಿಲ್ಲ.

ಇದೆಲ್ಲ ನಾನು ನೋಡಿಕೊಳ್ಳುವ ಕಂಪ್ಯೂಟರ್‌ನ ಮಾತು. ಬೇರೆ ಕಡೆ, ಯಾರದೋ ಕಂಪ್ಯೂಟರ್ ಮುಂದೆ ಕೂರಬೇಕಾದಾಗ ನಾನು ಅದನ್ನು ನಂಬುವುದೇ ಇಲ್ಲ. ಕೀಬೋರ್ಡ್ ತಂತಿಯ ತುದಿಗೂ ಯುಎಸ್‌ಬಿ ತೂತಿಗೂ ನಡುವೆ ಹೆಬ್ಬೆರಳಷ್ಟು ಸಾಧನ ಸಿಕ್ಕಿಸಿ ಒತ್ತಿದ ಕೀಗಳನ್ನೆಲ್ಲ ದಾಖಲಿಸಬಹುದು. ಅದು ಯಾವ ಸ್ಕ್ಯಾನ್‌ಗೂ ಸಿಗುವುದಿಲ್ಲ. ಹಾಗಂತ ಪರದೆ ಮೇಲಿನ ಕೀಬೋರ್ಡ್ ಬಳಸಿದರೂ, ಒಳಗಿರುವ ಕಳ್ಳ ಪ್ರೋಗ್ರಾಂ ಪರದೆಯ ಚಿತ್ರವನ್ನೇ ತೆಗೆದುಕೊಳ್ಳಬಹುದು. ಬ್ಯಾಂಕಿನ ಕೆಲಸವನ್ನು ಫೋನ್‌ನಲ್ಲೇ, ಮೊಬೈಲ್ ಡೇಟಾದಲ್ಲೇ ಮುಗಿಸುತ್ತೇನೆ. ಪ್ರಿಂಟ್ ಬೇಕಾದರೆ ಆ ಒಂದು ಫೈಲನ್ನು ಮಾತ್ರ ಕಳಿಸಿ, ಪ್ರಿಂಟ್ ಆದಮೇಲೆ ಶಿಫ್ಟ್ ಒತ್ತಿಕೊಂಡು ಡಿಲೀಟ್ ಮಾಡುತ್ತೇನೆ, ಅದು ರೀಸೈಕಲ್ ಬಿನ್‌ಗೂ ಹೋಗದ ಹಾಗೆ.

ವಾಟ್ಸ್‌ಆ್ಯಪ್‌ನ ಹಾಗೆ ಕ್ಯೂಆರ್ ಕೋಡ್‌ನಿಂದ ಲಾಗಿನ್ ಆಗುವ ಸೌಲಭ್ಯವಿದ್ದರೆ ಅದನ್ನೇ ಆರಿಸುತ್ತೇನೆ, ಪಾಸ್‌ವರ್ಡ್ ಟೈಪ್ ಮಾಡುವ ಗೊಡವೆಯೇ ಇಲ್ಲ. ಕೆಲಸ ಮುಗಿದಾಗ ಕಿಟಕಿ ಮುಚ್ಚಿ ಸುಮ್ಮನಾಗುವುದಿಲ್ಲ, ಮೊದಲು ಲಾಗ್ ಔಟ್ ಒತ್ತುತ್ತೇನೆ. ಇನ್‌ಕಾಗ್ನಿಟೊ ಕಿಟಕಿ ಮುಚ್ಚಿದರೂ ಅಳಿಯುವುದು ಆ ಕಂಪ್ಯೂಟರ್‌ನಲ್ಲಿರುವ ಕುಕಿ ಮಾತ್ರ. ಯಾರಾದರೂ ಅದನ್ನು ಆಗಲೇ ಕದ್ದಿದ್ದರೆ, ಆ ಕಡೆ ಲಾಗಿನ್ ಇನ್ನೂ ಜೀವಂತವಾಗಿರಬಹುದು. ಹೊರಗೆ ಬಂದಮೇಲೆ ಫೋನ್‌ನಲ್ಲಿ ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್, ಗೂಗಲ್ ಖಾತೆಯ ಸೆಕ್ಯುರಿಟಿ ಭಾಗದಲ್ಲಿರುವ ಸಾಧನಗಳ ಪಟ್ಟಿ, ಎರಡನ್ನೂ ನೋಡಿ ಆ ಕಂಪ್ಯೂಟರ್ ಇನ್ನೂ ಕಂಡರೆ ಅಲ್ಲಿಂದಲೇ ಕಿತ್ತುಹಾಕುತ್ತೇನೆ. ಬೇರೆ ದಾರಿಯಿಲ್ಲದೆ ಪಾಸ್‌ವರ್ಡ್ ಟೈಪ್ ಮಾಡಲೇಬೇಕಾಗಿ ಬಂದಿದ್ದರೆ, ಅದೇ ದಿನ ನನ್ನ ಫೋನ್‌ನಿಂದ ಅದನ್ನು ಬದಲಿಸುತ್ತೇನೆ.