ಗುಡ್ಡೆ ವಾರ್ಡಿನ ಜೀಪಿನ ಲೆಕ್ಕ

ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಪಂಚಾಯತಿನ ಆರೋಗ್ಯ ವರ್ಕಿಂಗ್ ಗ್ರೂಪಿನಲ್ಲಿ, ಅಂದರೆ ಆರೋಗ್ಯದ ಯೋಜನೆ ತಯಾರಿಸುವ ಸಮಿತಿಯಲ್ಲಿ, ನಾನು ಐದು ವರ್ಷ ಇದ್ದೆ. ಶಾಲೆಯಿಂದ ನಿವೃತ್ತನಾದ ವರ್ಷವೇ ನಮ್ಮ ವಾರ್ಡ್ ಮೆಂಬರು ಮನೆಗೆ ಬಂದು, "ಮಾಷ್ಟ್ರೇ, ಲೆಕ್ಕ ನೋಡುವವರು ಒಬ್ಬರು ಬೇಕು, ಬನ್ನಿ" ಅಂದರು.

1996ರಲ್ಲಿ ಕೇರಳದಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಊರವರೇ ಮಾಡುವ ಪದ್ಧತಿ, ಶುರುವಾದಾಗಿನಿಂದ ಊರಿನ ಆರೋಗ್ಯ ಕೇಂದ್ರಕ್ಕೆ ಗ್ರಾಮ ಪಂಚಾಯತೂ ದುಡ್ಡು ಇಡುತ್ತದೆ. ಡಾಕ್ಟರ ಸಂಬಳ ಸರಕಾರದ್ದು. ಔಷಧಿ ಸಾಲದೆ ಬಂದಾಗ ತರಿಸುವುದು, ಹಾಸಿಗೆ ಹಿಡಿದವರನ್ನು, ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಪಾಲಿಯೇಟಿವ್ ನರ್ಸಿನ ಸಂಬಳ, ಅವರು ಮನೆಮನೆಗೆ ಹೋಗುವ ಜೀಪಿನ ಬಾಡಿಗೆ, ಇದೆಲ್ಲ ಪಂಚಾಯತಿನ ಯೋಜನಾ ನಿಧಿಯದ್ದು.

ನನ್ನ ಕಣ್ಣು ಬಿದ್ದದ್ದು ಆ ಜೀಪಿನ ಮೇಲೆ. ಪ್ರತಿ ವಾರ್ಡಿಗೂ ತಿಂಗಳಿಗೆ ಇಷ್ಟು ದಿನ ಅಂತ ಸಮನಾಗಿ ಹಂಚಿದ್ದರು. ಕೇಳಿದರೆ ಸರಿಯೇ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಗುಡ್ಡೆಯ ವಾರ್ಡಿನ ಆಶಾ ಕಾರ್ಯಕರ್ತೆ ಅಕ್ಕ ಒಂದು ದಿನ ಬಂದು, ಮಲಗಿದಲ್ಲೇ ಇರುವ ಒಬ್ಬ ಅಜ್ಜಿಯ ಮೂತ್ರದ ಟ್ಯೂಬು ಬದಲಿಸುವ ದಿನ ದಾಟಿ ಎರಡು ವಾರ ಆಯಿತು ಅಂದರು. ಆ ತಿಂಗಳ ವಾರ್ಡಿನ ಪಾಲಿನ ದಿನ ಮುಗಿದಿತ್ತು. ಅಜ್ಜಿಗೆ ಜ್ವರ ಬಂದಿತ್ತು.

ಮರುದಿನದಿಂದ ನಾನು ಜೀಪಿನಲ್ಲಿ ನರ್ಸಿನ ಜೊತೆ ಹೊರಟೆ. ಒಂದು ತಿಂಗಳು ಸುತ್ತಿದೆ. ಕೈಯಲ್ಲಿ ಒಂದು ನೋಟ್‌ಬುಕ್ಕು. ಯಾವ ಮನೆ, ಎಷ್ಟು ಹೊತ್ತಿಗೆ ತಲುಪಿದೆವು, ಎಷ್ಟು ಹೊತ್ತಿಗೆ ಹೊರಟೆವು, ಅಷ್ಟೇ ಬರೆದೆ. ಹೈವೇ ಪಕ್ಕದ ವಾರ್ಡುಗಳಲ್ಲಿ ಮಧ್ಯಾಹ್ನದೊಳಗೆ ಆರು ಮನೆ ಮುಗಿಯುತ್ತಿತ್ತು. ಗುಡ್ಡೆಯಲ್ಲಿ ಕಾಂಕ್ರೀಟ್ ರಸ್ತೆ ಮುಗಿದಲ್ಲಿ ಜೀಪು ನಿಲ್ಲುತ್ತದೆ. ಆಮೇಲೆ ಅಡಿಕೆ ತೋಟದೊಳಗೆ ನಡೆಯಬೇಕು, ತೋಡಿನ ಮೇಲಿನ ಸಂಕ (ಕಾಲುಸೇತುವೆ) ದಾಟಬೇಕು, ಮತ್ತೆ ಏರಬೇಕು. ಸಂಜೆಯವರೆಗೆ ಮೂರು ಮನೆ. ಜೋರು ಮಳೆಗೆ ಎರಡೇ. ದಿನ ಸಮ, ಆದರೆ ಆರೈಕೆ ಅರ್ಧ.

ಸಭೆಯಲ್ಲಿ ಇದನ್ನು ಓದಿದಾಗ ಕಡಲ ಬದಿಯ ಮೆಂಬರುಗಳು ಒಪ್ಪಲಿಲ್ಲ. "ನಮ್ಮಲ್ಲಿ ಜನ ಜಾಸ್ತಿ, ನಮ್ಮ ದಿನ ಯಾಕೆ ಕಡಿಮೆ ಮಾಡುವುದು?" ಅವರ ಮಾತಿನಲ್ಲೂ ನಿಜ ಇತ್ತು. ವಾದ ಮಾಡುವ ಬದಲು ಇಬ್ಬರನ್ನು ಜೀಪು ಹತ್ತಿಸಿಕೊಂಡು ಹೋದೆ. ಆ ಅಜ್ಜಿಯ ಮನೆಯವರೆಗೂ ನಡೆದರು. ವಾಪಸು ಬರುವಾಗ ಯಾರೂ ಹೆಚ್ಚು ಮಾತಾಡಲಿಲ್ಲ.

ಆಮೇಲೆ ವಾರ್ಡಿನ ಲೆಕ್ಕ ಬಿಟ್ಟು ರೋಗಿಯ ಲೆಕ್ಕ ಹಿಡಿದೆವು. ಆಶಾ ಅಕ್ಕಂದಿರ ರಿಜಿಸ್ಟರ್ ಇಟ್ಟುಕೊಂಡು ವಾರಕ್ಕೊಮ್ಮೆ ನೋಡಬೇಕಾದವರು, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಅಂತ ಮೂರು ಪಟ್ಟಿ ಮಾಡಿದೆವು. ಅದಕ್ಕೆ ದಾರಿಯ ಹೊತ್ತನ್ನೂ ಸೇರಿಸಿ ದಿನ ಹಂಚಿದೆವು. ಕಡಲ ಬದಿಯಲ್ಲಿ ನಡೆದು ಬರಬಲ್ಲವರಿಗೆ ಉಪಕೇಂದ್ರದಲ್ಲೇ ನರ್ಸ್ ಸಿಗುವ ಹಾಗೆ ಒಂದು ದಿನ ಇಟ್ಟೆವು. ಅಲ್ಲಿ ಯಾರಿಗೂ ಆರೈಕೆ ತಪ್ಪಲಿಲ್ಲ. ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ಫಾರಂ ಮಲಯಾಳದಲ್ಲಿ ಮಾತ್ರ ಇತ್ತು, ಅದನ್ನು ನಾನೇ ಕನ್ನಡಕ್ಕೆ ಬರೆದುಕೊಟ್ಟೆ. ಹೆಸರೇ ಸೇರದ ಎಷ್ಟೋ ಮನೆಗಳು ಆಗ ಪಟ್ಟಿಗೆ ಬಂದವು.

ಜಿಲ್ಲೆಗಳ ನಡುವೆಯೂ ಇದೇ ಪ್ರಶ್ನೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ದೊಡ್ಡ ಕಾಯಿಲೆಗೆ ನಾವು ಇವತ್ತಿಗೂ ಮಂಗಳೂರಿಗೆ ಓಡುತ್ತೇವೆ. 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸುಗಳು ಹಿಂದೆ ಬಂದವು, ಜೀವಗಳು ಹೋದವು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಅಲ್ಲಿ ರೋಗಿಗಳನ್ನು ಸೇರಿಸಿಕೊಂಡದ್ದು 2020ರ ಏಪ್ರಿಲಿನಲ್ಲಿ, ಕೋವಿಡ್ ಆಸ್ಪತ್ರೆಯಾಗಿ. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಪಾಲು ಹಂಚುವಾಗ ನೂರರಲ್ಲಿ ಜನಸಂಖ್ಯೆಗೆ 15, ವಿಸ್ತೀರ್ಣಕ್ಕೂ 15 ಅಂಕ ಕೊಟ್ಟಿತ್ತು. ನೆಲದ ಅಗಲಕ್ಕೂ ಖರ್ಚಿದೆ ಅಂತ ದಿಲ್ಲಿಯಲ್ಲಿ ಒಪ್ಪುತ್ತಾರೆ. ನಮ್ಮ ಗುಡ್ಡೆಯ ದಾರಿಗೂ ಅದೇ ಲೆಕ್ಕ ಬೇಕು.

ಈಗ ನಾನು ಗ್ರೂಪಿನಲ್ಲಿಲ್ಲ. ನೋಟ್‌ಬುಕ್ಕನ್ನು ಹೊಸಬರಿಗೆ ಕೊಟ್ಟಿದ್ದೇನೆ. ಜೂನ್, ಜುಲೈ ಪುಟಗಳನ್ನು ಮೊದಲು ಓದಿ ಅಂತ ಹೇಳಿದ್ದೇನೆ.