ಗ್ಯಾಲರಿಯ ನೀರು ಕಡಿಮೆಯಾದಾಗ

ಅಣೆಕಟ್ಟಿನ ಕೆಲಸ ಎಂದೊಡನೆ ಕಾರವಾರದಲ್ಲಿ ನಮ್ಮ ನೆಂಟರ ಕಣ್ಣ ಮುಂದೆ ಬರುವುದು ಗೇಟುಗಳಿಂದ ಧುಮ್ಮಿಕ್ಕುವ ನೊರೆನೀರು. ತಪಾಸಣೆಯ ಎಂಜಿನಿಯರನಾಗಿ ನನ್ನ ಕಾಲವೆಲ್ಲ ಕಳೆದದ್ದು ಮಾತ್ರ ಕಾಂಕ್ರೀಟಿನ ಹೊಟ್ಟೆಯೊಳಗಿನ ಸುರಂಗದಂಥ ಗ್ಯಾಲರಿಯಲ್ಲಿ, ಟಾರ್ಚು ಹಿಡಿದು ಹನಿನೀರನ್ನು ಅಳೆಯುವುದರಲ್ಲಿ.

ನಾನು ಈ ವಿದ್ಯೆಯನ್ನು ಅರ್ಥಮಾಡಿಕೊಂಡದ್ದು ಸೂಪಾ ಅಣೆಕಟ್ಟನ್ನು ಮಾದರಿಯಾಗಿಟ್ಟುಕೊಂಡು. ಕಾಳಿ ನದಿಗೆ ಅಡ್ಡಲಾಗಿ ಜೋಯಿಡಾ ತಾಲೂಕಿನ ಗಣೇಶಗುಡಿಯಲ್ಲಿರುವ ಇದು 101 ಮೀಟರ್ ಎತ್ತರದ ಕಾಂಕ್ರೀಟ್ ಗುರುತ್ವ ಅಣೆಕಟ್ಟು. ಇದರ ಬುಡದಲ್ಲಿರುವ ವಿದ್ಯುದಾಗಾರದ ಸಾಮರ್ಥ್ಯ 100 ಮೆಗಾವಾಟ್ ಮಾತ್ರ. ನಿಜವಾದ ಉದ್ದೇಶ ಮಳೆಗಾಲದ ನೀರನ್ನು, ಸುಮಾರು 147 ಟಿಎಂಸಿಯಷ್ಟನ್ನು, ಹಿಡಿದಿಟ್ಟುಕೊಂಡು ವರ್ಷವಿಡೀ ಕೆಳಗಿನ ನಾಗಝರಿ, ಕೊಡಸಳ್ಳಿ ಮತ್ತು ಕದ್ರಾ ಘಟಕಗಳಿಗೆ ಒದಗಿಸುವುದು. ಕಾಳಿ ಮತ್ತು ಪಾಂಡರಿ ಕೂಡುವಲ್ಲಿದ್ದ ಹಳೆಯ ಸೂಪಾ ಊರು ಈ ನೀರಿನಡಿ ಸೇರಿತು. ಅಲ್ಲಿಂದ ಎದ್ದುಬಂದವರ ಮನೆಗಳು ಇಂದು ರಾಮನಗರದಲ್ಲಿವೆ.

ಗುರುತ್ವ ಅಣೆಕಟ್ಟು ನಿಲ್ಲುವುದು ತನ್ನ ತೂಕದ ಬಲದಿಂದ. ನೀರು ಅದನ್ನು ಮುಂದಕ್ಕೆ ತಳ್ಳುವುದು ಎಲ್ಲರಿಗೂ ಕಾಣುತ್ತದೆ, ಆದರೆ ಅಡಿಪಾಯದ ಬಂಡೆಯ ಬಿರುಕುಗಳಲ್ಲಿ ನುಸುಳಿ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಲು ನೋಡುವ ಒತ್ತಡ ಯಾರಿಗೂ ಕಾಣುವುದಿಲ್ಲ. ಇದನ್ನು ತಗ್ಗಿಸಲು ಮೊದಲು ಬಂಡೆಯ ಬಿರುಕುಗಳಿಗೆ ಸಿಮೆಂಟಿನ ದ್ರಾವಣ ತುಂಬಿ ಗ್ರೌಟಿನ ಪರದೆ ಹಾಕಿ, ಅದರ ಹಿಂದೆ ಗ್ಯಾಲರಿಯಿಂದ ಬಂಡೆಯೊಳಕ್ಕೆ ಸಾಲಾಗಿ ರಂಧ್ರಗಳನ್ನು ಕೊರೆಯುತ್ತಾರೆ. ರಂಧ್ರಗಳು ಸರಿಯಾಗಿದ್ದರೆ, ಅಣೆಕಟ್ಟಿನ ಮೇಲ್ಬದಿ ಮತ್ತು ಕೆಳಬದಿಯ ನೀರಿನ ಮಟ್ಟಗಳ ವ್ಯತ್ಯಾಸದಲ್ಲಿ ಮೂರನೇ ಒಂದು ಭಾಗದಷ್ಟೇ ಒತ್ತಡ ಅಲ್ಲಿ ಉಳಿಯುತ್ತದೆ ಎಂದು ವಿನ್ಯಾಸದಲ್ಲಿ ಲೆಕ್ಕ ಹಿಡಿಯಲಾಗುತ್ತದೆ. ರಂಧ್ರಗಳ ನೀರು ಮೋರಿಯಲ್ಲಿ ಹರಿದು ವಿ-ನಾಚನ್ನು, ಅಂದರೆ ಹರಿವನ್ನು ಅಳೆಯುವ V ಆಕಾರದ ಕಚ್ಚನ್ನು, ದಾಟುತ್ತದೆ. ನಾಚಿನ ತಳದಿಂದ ನೀರಿನ ಎತ್ತರ ಇಮ್ಮಡಿಯಾದರೆ ಹರಿವು ಐದೂವರೆ ಪಟ್ಟಿಗೂ ಮಿಕ್ಕುವುದರಿಂದ ಒಂದು ಮಿಲಿಮೀಟರನ್ನೂ ಅಂದಾಜಿನಲ್ಲಿ ಬರೆಯುವಂತಿಲ್ಲ.

ನಾನು ಎಡವಿದ್ದು ಇಲ್ಲಿಯೇ. ಹೆಸರು ಬೇಡದ, ಬೇರೆ ಜಿಲ್ಲೆಯ ಒಂದು ಅಣೆಕಟ್ಟಿನಲ್ಲಿ ಸತತ ಎರಡು ಮಳೆಗಾಲ ಸೋರಿಕೆ ಇಳಿಯುತ್ತ ಬಂದಾಗ, ಸ್ಥಿತಿ ಸುಧಾರಿಸಿದೆ ಎಂದು ನಾನು ಸಂತೋಷದಿಂದಲೇ ವರದಿ ಬರೆದೆ. ಜಲಾಶಯದ ಮಟ್ಟ ಎರಡು ವರ್ಷವೂ ಒಂದೇ ಇತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ವರದಿ ಓದಿ, "ಪೈಜೋಮೀಟರ್ ನೋಡಿದಿರೇನು?" ಎಂದಷ್ಟೇ ಕೇಳಿದರು. ಬಂಡೆಯೊಳಗಿನ ನೀರಿನ ಒತ್ತಡ ಅಳೆಯುವ ಆ ಸಾಧನವನ್ನು ನೋಡಿದರೆ ಅಡಿಪಾಯದ ಒತ್ತಡ ಏರಿತ್ತು. ಕಾಂಕ್ರೀಟಿನ ಸುಣ್ಣ ಕರಗಿ ಬಂದು ರಂಧ್ರಗಳ ಬಾಯಲ್ಲಿ ಬಿಳಿ ಪದರವಾಗಿ ಗಟ್ಟಿಯಾಗಿತ್ತು. ಸೋರಿಕೆ ನಿಂತಿರಲಿಲ್ಲ, ಅದರ ದಾರಿ ಕಟ್ಟಿಕೊಂಡಿತ್ತು. ರಂಧ್ರಗಳನ್ನು ಮತ್ತೆ ಕೊರೆದು ತೊಳೆದ ಮೇಲೆ ನಾಚಿನ ನೀರು ಹೆಚ್ಚಿತು, ಒತ್ತಡ ಇಳಿಯಿತು. ಅಲ್ಲಿಂದ ಮುಂದೆ ಸೋರಿಕೆ, ಒತ್ತಡ ಮತ್ತು ಜಲಾಶಯದ ಮಟ್ಟ ಮೂರನ್ನೂ ಒಂದೇ ಹಾಳೆಯಲ್ಲಿ ಬರೆಯದೆ ನಾನು ಯಾವ ಮಾತನ್ನೂ ಆಡಲಿಲ್ಲ.

ಆ ಅಣೆಕಟ್ಟನ್ನು ಆಗ ಎರಡನೇ ವರ್ಗಕ್ಕೆ ಸೇರಿಸಬೇಕೆಂದು ಬರೆದೆವು. ಮಳೆಗಾಲದ ಮೊದಲು ಮತ್ತು ನಂತರದ ತಪಾಸಣೆಯಲ್ಲಿ ಕಂಡ ದೋಷ ಅಣೆಕಟ್ಟನ್ನೇ ಒಡೆಯುವಷ್ಟಿದ್ದರೆ ಒಂದನೇ ವರ್ಗ, ಬೇಗನೆ ದುರಸ್ತಿ ಬೇಡುವಷ್ಟು ದೊಡ್ಡದಾದರೆ ಎರಡನೆಯದು, ವರ್ಷದೊಳಗೆ ಸರಿಪಡಿಸಬಹುದಾದ ಚಿಕ್ಕದಾದರೆ ಮೂರನೆಯದು. ಕದ್ರಾದ ನನ್ನ ಭಾವನವರಿಗೆ ಇದು ಎಷ್ಟು ಹೇಳಿದರೂ ಹಿಡಿಸದು; ಪರೀಕ್ಷೆಯ ದರ್ಜೆಯಂತೆ ಒಂದನೆಯದೇ ಉತ್ತಮ ಎಂದು ಅವರ ವಾದ.

ಅವರು ಬೆರೆಸಿಬಿಡುವ ಇನ್ನೊಂದು ವರ್ಗೀಕರಣವಿದೆ. ಸಂಗ್ರಹ 6 ಕೋಟಿ ಘನಮೀಟರ್ ಮೀರಿದರೆ ಅಥವಾ ನೀರಿನ ಎತ್ತರ 30 ಮೀಟರ್ ಮೀರಿದರೆ ಅಣೆಕಟ್ಟು ದೊಡ್ಡದು. ಹೆಚ್ಚುವರಿ ನೀರನ್ನು ಹೊರಬಿಡುವ ಅದರ ಸ್ಪಿಲ್‌ವೇ ಆ ಕಣಿವೆಯಲ್ಲಿ ಬರಬಹುದಾದ ಅತ್ಯಧಿಕ ಸಂಭವನೀಯ ಪ್ರವಾಹವನ್ನು ದಾಟಿಸಬೇಕು. ಅಪಾಯದ ದರ್ಜೆಯಂತೂ ಇವೆರಡಕ್ಕೂ ಹೊರತು. ಅದನ್ನು ಗೋಡೆ ಎಷ್ಟು ಗಟ್ಟಿ ಎಂದು ನೋಡಿ ಕೊಡುವುದಿಲ್ಲ, ಒಡೆದರೆ ಕೆಳಗೆ ಯಾರಿದ್ದಾರೆ ಎಂದು ನೋಡಿ ಕೊಡುತ್ತಾರೆ. ಲೋಪವಿಲ್ಲದ ಅಣೆಕಟ್ಟೂ ಹೆಚ್ಚಿನ ಅಪಾಯದ ದರ್ಜೆಯಲ್ಲಿರಬಹುದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತುರ್ತು ಕ್ರಿಯಾ ಯೋಜನೆಯನ್ನು ಕಡ್ಡಾಯ ಮಾಡಿದ್ದು ಹೀಗೆ ಅಣೆಕಟ್ಟಿನ ಕೆಳಗೆ ಬದುಕುವವರಿಗಾಗಿ.

2019ರ ಆಗಸ್ಟಿನಲ್ಲಿ ಕದ್ರಾದಿಂದ ಬಿಟ್ಟ ನೀರು ನದಿದಂಡೆಯ ಊರುಗಳಿಗೆ ನುಗ್ಗಿದಾಗ ಅಣೆಕಟ್ಟಿಗೆ ಏನೂ ಆಗಿರಲಿಲ್ಲ. ಭಾವನವರು ಈಗ ಜುಲೈ ಬಂತೆಂದರೆ ದೋಷದ ವರ್ಗ ಕೇಳುವುದಿಲ್ಲ. ಫೋನು ಮಾಡಿ ಒಳಹರಿವು ಎಷ್ಟು, ಗೇಟು ಎಷ್ಟು ಎತ್ತಿದ್ದಾರೆ ಎಂದಷ್ಟೇ ಕೇಳುತ್ತಾರೆ.